ಬ್ಯಾಟರಿ ತುಂಬದ ಬೇಸಿಗೆ

ಇದನ್ನು ಮಳೆ ಬಂದ ಮೇಲೆ ಹೇಳೋಣ ಎಂದು ಮುಂದೂಡಿದ್ದೆ. ಈಗ ಮಳೆಯೂ ಬಂತು, ಸಂಡಿಗೆಯೂ ಡಬ್ಬ ಸೇರಿತು. ಬೇರೆ ನೆಪ ಉಳಿದಿಲ್ಲ.

ಚಾಮರಾಜಪೇಟೆಯ ನಮ್ಮ ತಾರಸಿಗೆ ಸೋಲಾರ್ ಹಾಕಿಸಿ, ಮೆಟ್ಟಿಲ ಕೆಳಗೆ ಬ್ಯಾಟರಿ ಕೂರಿಸಿದ ಮೇಲೆ ನನಗೊಂದು ಚಾಳಿ ಹತ್ತಿತು: ಸಂಜೆ ಹೋಗಿ ಅದರ ಮುಖ ನೋಡುವುದು. ಎಸ್ಸೆಸ್ಸೆಲ್ಸಿಯ ನನ್ನ ಅಂಕಗಳನ್ನೂ ನಾನು ಅಷ್ಟು ಧೈರ್ಯವಾಗಿ ನೋಡಿರಲಿಲ್ಲ. ಮೊದಮೊದಲು ನೂರಕ್ಕೆ ನೂರು. ಬೇಸಿಗೆ ಬಂದು ಬಿಸಿಲು ಏರಿದರೂ ಅಂಕ ಮಾತ್ರ ಎಂಬತ್ತಕ್ಕೆ ಇಳಿದು ಅಲ್ಲೇ ನಿಂತಿತು.

ಮೋಡದ ದಿನವೊಂದರಲ್ಲಿ ಬಂದ ಮೆಕ್ಯಾನಿಕ್ ಎಲ್ಲ ಪರೀಕ್ಷಿಸಿ, "ಬ್ಯಾಟರಿ ಚೆನ್ನಾಗೇ ಇದೆ ಸಾರ್. ಎಲ್ಲೋ ನೆರಳು ಬೀಳ್ತಿರ್ಬೇಕು. ಒಂದು ಪ್ಯಾನಲ್ ಮೇಲೆ ಬಿದ್ರೂ ಇಡೀ ಸಾಲು ಸೊರಗತ್ತೆ," ಎಂದ.

ತಲೆಯೆತ್ತಿದರೆ ಪಕ್ಕದ ಮನೆಯ ಗಿರಿಜಮ್ಮನವರ ಸಂಪಿಗೆ ಮರ. ಒಂದು ಕಾಲಕ್ಕೆ ಈ ಊರಿನ ನಾವು ನೆರಳಿಗೆಂದೇ ಮರ ನೆಡುತ್ತಿದ್ದೆವು. ನಾನು ಬಿಸಿಲಿಗಾಗಿ ಜಗಳಕ್ಕೆ ಹೊರಟೆ. "ನಿಮ್ಮ ಮರ ನಮ್ಮ ಕರೆಂಟ್ ತಿಂತಿದೆ ಕಣ್ರೀ."

ಆಕೆ ನಕ್ಕರು. "ಮರ ನಿಮ್ಮ ಸೋಲಾರ್‌ಗಿಂತ ಹಳೇದಲ್ವಾ? ಹೋಗ್ಲಿ, ನಿಮ್ಮನೆ ದೀಪಕ್ಕೆ ನಾವ್ಯಾಕೆ ಅಡ್ಡ ಬರೋಣ."

ನಮ್ಮ ಕಡೆ ಬಾಗಿದ್ದ ಕೊಂಬೆಯನ್ನು ಕಡಿಸಿದರು. ಕೈಗೆಟುಕುತ್ತಿದ್ದುದು ಅದೊಂದೇ ಕೊಂಬೆ. ನಮ್ಮ ಪೂಜೆಗೆ ಅವರು ದಿನಾ ಕಳಿಸುತ್ತಿದ್ದ ಹೂವು ಅದರದ್ದೇ. ಹೂವು ನಿಂತಿತು, ಬ್ಯಾಟರಿ ಎಂಬತ್ತರಲ್ಲೇ ಇತ್ತು.

ಇನ್ನು ಕೊಡೆಯ ವಿಷಯ. ಬೇಸಿಗೆ ಶುರುವಾದಾಗಲೇ ತಾರಸಿಯಲ್ಲಿ ಸಂಡಿಗೆ ಹಾಕಿದ ನನ್ನ ಹೆಂಡತಿ ಕಾಗೆ ಕಾಯಲು ನನ್ನನ್ನು ಕೂರಿಸಿದ್ದಳು. ಸೋಮಾರಿಯಾದ ನಾನು ಗಳುವಿನ ತುದಿಗೆ ಕರಿ ಕೊಡೆ ಬಿಚ್ಚಿ ಕಟ್ಟಿ, ಕಾಗೆಗಳನ್ನು ಬೆದರಿಸುವ ಕೆಲಸ ಅದಕ್ಕೊಪ್ಪಿಸಿ ಕೆಳಗಿಳಿದು ಮಲಗುತ್ತಿದ್ದೆ. ಒಂದು ದಿನ ಅವಳು, "ಮಾಮೂಲ್‌ಪೇಟೆಗೆ ಹೋಗ್ಬೇಕು, ಬಿಸಿಲು ಸುಡ್ತಿದೆ. ಕೊಡೆ ನಂಗಿರ್ಲಿ, ಕಾಗೆಗೆ ನೀವಿರಿ," ಎಂದು ಬಿಚ್ಚಿಕೊಂಡು ಹೋದಳು. ಆ ಸಂಜೆ ಬ್ಯಾಟರಿ ತುಂಬಿತು.

ಮಾರನೆಯ ದಿನ ಕೊಡೆ ಮತ್ತೆ ಗಳುವೇರಿತು. ಮಧ್ಯಾಹ್ನ ಅನುಮಾನದಿಂದ ಮೇಲೆ ಹೋದೆ. ಪ್ಯಾನಲ್ ಮೇಲೆ ದುಂಡಗಿನ ಕರಿ ನೆರಳು, ನನ್ನಂತೆಯೇ ಕಾಲು ಚಾಚಿ ಮಲಗಿತ್ತು. ಸಂಪಿಗೆಯ ನೆರಳು ಆಕೆಯ ಅಂಗಳದಲ್ಲೇ ಇತ್ತು.

"ಹೋಗಿ ಹೇಳ್ಬನ್ನಿ," ಎಂದಳು ಹೆಂಡತಿ.

"ನಾಳೆ ಹೋಗ್ತೀನಿ," ಎಂದೆ. ಆ ನಾಳೆ ಇನ್ನೂ ಬಂದಿಲ್ಲ.

ಈಗ ಬ್ಯಾಟರಿ ತುಂಬುತ್ತಿದೆ, ಮನೆ ಬೆಳಗುತ್ತಿದೆ, ಸಂಡಿಗೆ ಗರಿಗರಿಯಾಗಿದೆ. ಕಡಿದ ಜಾಗದಲ್ಲಿ ಚಿಗುರೊಡೆದಿದೆ, ಅದೂ ನಮ್ಮ ಕಡೆಗೇ. ಆಕೆ ಅದನ್ನು ಚಿವುಟಿಲ್ಲ. ಹೂವು ಬರುವ ಮೊದಲು ಹೇಳಿಬಿಡುತ್ತೇನೆ: ಆ ನೆರಳು ನಾನು ಕಟ್ಟಿದ ಕೊಡೆಯದು, ಗಿರಿಜಮ್ಮನವರೇ.