ಬೋಣಿಯ ಕೈ

ನಾನು ಹರಪನಹಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದಾಗ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನದೇ ಆಗಿತ್ತು. ನನ್ನ ಕೈಗುಣ ಒಳ್ಳೆಯದೆಂದು ಸಾಹುಕಾರರು ನಂಬಿದ್ದರು. ಬೆಳಿಗ್ಗೆ ಗಿರಾಕಿ ಮೆಟ್ಟಿಲು ಹತ್ತಿದರೆ ಉಳಿದವರು ಬದಿಗೆ ಸರಿಯುತ್ತಿದ್ದರು. ಹಬ್ಬಕ್ಕೆ ಎಲ್ಲರಿಗೂ ಒಂದು ಸೀರೆಯಾದರೆ ನನಗೆ ಎರಡು. ನಾನೂ ಸ್ವಲ್ಪ ಮೆರೆಯುತ್ತಿದ್ದೆ, ಅದನ್ನು ಮುಚ್ಚಿಡುವುದೇಕೆ.

ಆಮೇಲೆ ಗಂಡನ ಆಟೋಗೆಂದು ತೆಗೆದ ಸಾಲದ ಒಂದು ಕಂತು ತಪ್ಪಿತು. ಫೈನಾನ್ಸಿನವರು ಅಂಗಡಿಯ ಹೊತ್ತಿನಲ್ಲೇ ಫೋನ್ ಮಾಡತೊಡಗಿದರು. ಕೈ ಸೀರೆ ಬಿಚ್ಚುತ್ತಿದ್ದರೂ ಮನಸ್ಸು ಫೋನಿನ ಕಡೆಗೇ. ಹಸಿರು ಕೇಳಿದವರಿಗೆ ನೀಲಿ ತೋರಿಸಿದೆ. ಮದುವೆ ಜವಳಿಗೆ ಬಂದಿದ್ದ ಉಚ್ಚಂಗಿದುರ್ಗದ ಕಡೆಯವರ ಮೇಲೆ ಒಂದು ದಿನ ಸಿಡುಕಿಬಿಟ್ಟೆ. “ಯಾಕವ್ವ, ನಾವೇನು ಪುಕ್ಕಟೆ ಕೇಳಾಕ ಬಂದೀವೇನು?” ಎಂದು ಅವರು ಎದುರಿನ ಅಂಗಡಿಗೆ ನಡೆದರು.

ಸಂಜೆ ಸಾಹುಕಾರರು, “ನಾಳಿಂದ ಬೋಣಿ ಆ ಹುಡುಗಿ ಮಾಡ್ಲಿ ಬಿಡಮ್ಮ. ನಿನ್ನ ಮಾರಿ ನೋಡಿದ್ರ ಗಿರಾಕಿ ವಾಪಸ್ ಹೋಗ್ತಾರ” ಎಂದರು.

ಆ ಹುಡುಗಿ ಎಂದರೆ ತೆಲಿಗಿಯಿಂದ ಬಸ್ಸಿಗೆ ಬರುವವಳು, ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ತೋರಿಸುವ ಸೀರೆಯ ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು, “ನೋಡ್ರಿ ಅಕ್ಕಾರ, ನಿಮ್ಮ ಬಣ್ಣಕ್ಕ ಹೆಂಗ ಒಪ್ತೈತಿ” ಎಂದು ನಕ್ಕರೆ ಹೆಂಗಸರು ಕರಗಿಹೋಗುತ್ತಿದ್ದರು. ಕೈಯಲ್ಲಿ ಕಾಸಿದ್ದರೆ ಯಾರಿಗೆ ನಗು ಬರುವುದಿಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಅವಳ ಹೊಸ ಚಪ್ಪಲಿ ಕಂಡರೂ ಉರಿ, ಡಬ್ಬಿಯಲ್ಲಿನ ಮೊಟ್ಟೆ ಪಲ್ಯ ಕಂಡರೂ ಉರಿ. ಊಟಕ್ಕೆ ಕರೆದಳು, ನಾನು ಬೇರೆ ಕುಳಿತು ತಿಂದೆ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಹಿಂದಿನ ಗೋದಾಮಿಗೆ ಹೋದೆ. ಅವಳು ಬಟ್ಟೆ ಗಂಟುಗಳ ನಡುವೆ ನಿಂತು ಫೋನಿನಲ್ಲಿ ಬೇಡಿಕೊಳ್ಳುತ್ತಿದ್ದಳು.

“ಸರ, ಮನಿ ಮುಂದ ಬರಬ್ಯಾಡ್ರಿ. ನಮ್ಮವ್ವಗ ಗೊತ್ತಿಲ್ರಿ. ಪಗಾರ ಆದ ಕೂಡ್ಲೇ ಮೂರೂ ಕಂತು ಕಟ್ತೀನ್ರಿ.”

ನನಗೆ ಹಿಗ್ಗಾಯಿತು. ಇನ್ನು ಇವಳ ಮುಖವೂ ಬಾಡುತ್ತದೆ, ಬೋಣಿ ಮತ್ತೆ ನನ್ನ ಕೈಗೆ ಬರುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಸಾಹುಕಾರರು ಕೂಗಿದರು, ಗಿರಾಕಿ ಬಂದಿದ್ದರು. ಅವಳು ವೇಲಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋದವಳೇ, “ಬರ್ರಿ ಅಕ್ಕಾರ, ಕುಂದರ್ರಿ” ಎಂದು ನಕ್ಕಳು. ಅದೇ ನಗು, ಒಂದಿಷ್ಟೂ ಕಡಿಮೆಯಿರಲಿಲ್ಲ.

ಅವಳ ಹತ್ತಿರ ದುಡ್ಡಿದೆ ಎಂದುಕೊಂಡಿದ್ದಾಗ ನನ್ನ ಹೊಟ್ಟೆಕಿಚ್ಚಿಗೆ ಒಂದು ಸಮಾಧಾನವಾದರೂ ಇತ್ತು. ಅಂದಿನಿಂದ ಅದೂ ಇಲ್ಲವಾಯಿತು.