ಮುಂದಿನ ಸಾಲು ಹೇಳುವ ಶಂಕ್ರಮ್ಮ

ಶಂಕ್ರಮ್ಮ ನಮ್ಮ ಪಕ್ಕದ ಮನೆಯಾಕೆ, ಬೀದರ್ ಕಡೆಯ ಕ್ರೈಸ್ತಳು. ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯಲ್ಲಿ ಗುಳಿಗೆ ಡಬ್ಬಿ ತುಂಬುತ್ತಾಳೆ. ನಮ್ಮ ಯಜಮಾನರು ತೀರಿಹೋದ ಮೇಲೆ ದಿನಾ ಸಂಜೆ ಬಂದು ನನ್ನ ಜೊತೆ ಕೂತವಳು ಅವಳೇ. ಭಾನುವಾರ ಮಾತ್ರ ಸಿಗುವುದಿಲ್ಲ. ಸಿಕಂದರಾಬಾದಿನಲ್ಲಿ ಬಿಷಪ್ಪರ ದೊಡ್ಡ ಚರ್ಚಿನ ಕ್ವಾಯರಿನಲ್ಲಿ ಅತ್ತೆ ಶಿವದೇವಮ್ಮನ ಪಕ್ಕ ನಿಂತು ಹಾಡುತ್ತಾಳೆ.

ಅವರ ಊರಿನಲ್ಲಿ ಹಿಂದೆ ಓದು ಬಲ್ಲವರು ಕಡಿಮೆ. ಒಬ್ಬರು ಹಾಡಿನ ಸಾಲನ್ನು ಮೊದಲು ಬರೀ ಮಾತಿನಲ್ಲಿ ಹೇಳುವುದು, ಆಮೇಲೆ ಎಲ್ಲರೂ ಅದನ್ನು ಹಾಡುವುದು ರೂಢಿ. ಮದುವೆಯಾಗಿ ಬಂದ ಸೊಸೆಗೆ ಶಿವದೇವಮ್ಮ ರೊಟ್ಟಿ ಬಡಿಯುತ್ತ ಹೀಗೆಯೇ ಹಾಡು ಕಲಿಸಿದ್ದು. ಈಗ ಶಿವದೇವಮ್ಮನಿಗೆ ಮರೆವು. ರಾಗ ಉಳಿದಿದೆ, ಪದ ಉಳಿದಿಲ್ಲ. ಸೊಸೆ ಕಿವಿಯಲ್ಲಿ ಸಾಲು ಹೇಳಿದರೆ ಸಾಕು, ಗಂಡಸರಂಥ ದಪ್ಪ ದನಿಯಲ್ಲಿ ಹಾಡುತ್ತಾಳೆ.

ಹೋದ ವರ್ಷ ಕ್ವಾಯರಿನ ರೆಕಾರ್ಡಿಂಗ್ ಇಟ್ಟುಕೊಂಡರು. ಚಹಾದ ಫ್ಲಾಸ್ಕ್ ಹಿಡಿದು ನಾನೂ ಹೋಗಿದ್ದೆ. ಮೊದಲ ಹಾಡು ಮುಗಿಯುತ್ತಲೇ ಹಾಡಿಸುವ ಶಾಂತಕುಮಾರ ಅತ್ತೆ ಸೊಸೆಯ ಹತ್ತಿರ ಬಂದ.

“ಶಂಕ್ರಕ್ಕಾ, ಮೈಕಿನ್ಯಾಗ ನಿಮ್ಮ ಗುಸುಗುಸು ಬರಾಕತ್ತೈತ್ರಿ. ಇವತ್ತೊಂದಿನ ದೊಡ್ಡಮ್ಮ ಕುಂತು ಕೇಳ್ಲಿ.”

“ಕುಂತು ಕೇಳಾಕ ಆಕಿ ಮದುವಿಗೆ ಬಂದಾಳೇನ್ರಿ?”

“ಪದಾನ ನೆನಪಿಲ್ಲಲ್ರೀ ಅವ್ರಿಗೆ!”

“ಪದ ನನ್ನ ಕಡೆ ಅದಾವ, ದನಿ ಆಕಿ ಕಡೆ ಐತಿ. ಇಬ್ಬರೂ ಕೂಡಿ ಒಬ್ಬಾಕಿ ಅಂತ ತಿಳ್ಕೋರಿ.”

“ಹಂಗಾರ ಇಬ್ಬರೂ ಕುಂದರ್ರಿ.”

ಇಬ್ಬರೂ ಬಂದು ನನ್ನ ಬೆಂಚಿನಲ್ಲಿ ಕೂತರು. ಮತ್ತೆ ಹಾಡು ಶುರುವಾಯಿತು. ಶಿವದೇವಮ್ಮನ ಗಂಟಲು ಸುಮ್ಮನಿರಬೇಕಲ್ಲ! ಪದವಿಲ್ಲದ ಬರೀ ರಾಗ ಹೊರಟಿತು. ಸೊಸೆ ಬಾಯಿ ಮುಚ್ಚಿಸುತ್ತಾಳೆ ಅಂದುಕೊಂಡೆ. ಶಂಕ್ರಮ್ಮ ಎದ್ದು ನಿಂತಳು, ಅತ್ತೆಯನ್ನೂ ಎಬ್ಬಿಸಿದಳು. ಈ ಸಲ ಗುಸುಗುಸು ಇಲ್ಲ. ಊರ ಚರ್ಚಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಮುಂದಿನ ಸಾಲು ಹೇಳಿದಳು. ಕ್ವಾಯರಿನಲ್ಲಿದ್ದ ಬೀದರ್ ಕಡೆಯ ಹೆಂಗಸರು ಚಿಕ್ಕಂದಿನ ರೂಢಿಗೆ ಬಿದ್ದು ಹಾಡು ನಿಲ್ಲಿಸಿ, ಅವಳು ಹೇಳಿ ಮುಗಿಸುವವರೆಗೆ ಕಾದು, ಆಮೇಲೆ ಹಾಡಿದರು. ತಾಳ ತೋರಿಸುತ್ತಿದ್ದ ಶಾಂತಕುಮಾರನ ಕೈ ಗಾಳಿಯಲ್ಲೇ ನಿಂತಿತು.

“ಕಂಪ್ಯೂಟರಿನ್ಯಾಗ ನಿಮ್ಮ ಮಾತು ಕತ್ತರಿಸಿಬಿಡ್ತೀನಿ ನೋಡ್ರಿ!”

“ಕತ್ತರಸ್ರಿ. ನೀವು ಎಷ್ಟ ಸಲ ಹಾಡಸ್ತೀರೋ, ಅಷ್ಟ ಸಲ ಹೇಳ್ತೀನಿ.”

ಅವನು ಹಾಡಿಸಿದ. ಅವಳು ಹೇಳಿದಳು. ಹೆಂಗಸರು ಕಾದರು. ಶಿವದೇವಮ್ಮ ನಡುವೆ ಚಹಾ ಕೇಳಿದಳು, ಕೊಟ್ಟೆ.

ಕೊನೆಗೆ ಶಾಂತಕುಮಾರ ತಾನೇ ಒಂದು ಮೈಕ್ ತಂದು ನಮ್ಮ ಬೆಂಚಿನ ಮುಂದೆ ಇಟ್ಟ. “ಹೇಳ್ರಿ ಇನ್ನ, ನಿಮ್ಮ ಮನಸಾರೆ.”

ಶಂಕ್ರಮ್ಮ ಅತ್ತೆಯ ಕೈ ಹಿಡಿದುಕೊಂಡಳು. “ಇಲ್ಲಿ ಅಲ್ರಿ. ನಾವು ನಿಂತಿದ್ದ ಜಾಗಾದಾಗ ಇಡ್ರಿ.”

ಅವನು ಮೈಕ್ ಎತ್ತಿಕೊಂಡು ಮುಂದೆ ನಡೆದ. ಅವರಿಬ್ಬರೂ ಅವನ ಹಿಂದೆ ಹೋದರು.