ನೀಲಿ ಬೆನ್ನಿನ ಪುಸ್ತಕ

ನಯಾಪೈಸೆ ಬಂದ ಹೊಸತರಲ್ಲಿ ಪುತ್ತೂರಿನ ನಮ್ಮ ವಾಚನಾಲಯದ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಪುಸ್ತಕಗಳನ್ನು ಅಗ್ಗಕ್ಕೆ ಮಾರುತ್ತಿದ್ದೆವು. ಸಂಬಳವಿಲ್ಲದ ಕೆಲಸ. ಮಾರಲು ಕೂರುತ್ತಿದ್ದವರು ಇಬ್ಬರು. ಒಬ್ಬರು ಕುಂಬ್ರದಲ್ಲಿ ಜಿನಸಿನ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹುಕಾರರು, ಇನ್ನೊಬ್ಬ ನಾನು, ರೈತರ ಸಹಕಾರಿ ಸೊಸೈಟಿಯ ಗುಮಾಸ್ತ, ಎಂಟನೆಯ ತರಗತಿ ಪಾಸು.

ಸಾಹುಕಾರರು ಪುಸ್ತಕಕ್ಕೆ ಬೆರಳು ಇಟ್ಟು ಬೆಲೆ ಹೇಳುತ್ತಿದ್ದರು. ಒಂದು ಬೆರಳು ದಪ್ಪಕ್ಕೆ ಎರಡಾಣೆ. "ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಹೊರಟ್ರೆ ಮಧ್ಯಾಹ್ನ ಆಗ್ತದೆ ಮಾರಾಯ್ರೆ" ಎನ್ನುವರು. ಹಾಗೆ ಹೇಳುತ್ತಲೇ ಒಂದನ್ನು ಬಿಡಿಸಿ ಓದುತ್ತಾ ಕೂತಿರುವರು. ನಾನು ಓದುತ್ತಿರಲಿಲ್ಲ. ಪುಸ್ತಕಗಳ ನಡುವೆ ಕೂತರೆ ಓದಿದವನ ಹಾಗೆ ಕಾಣುತ್ತದೆ, ಅಷ್ಟು ನನಗೆ ಸಾಕಿತ್ತು. ಯಾವ ಪುಸ್ತಕದ ಬಗ್ಗೆ ಕೇಳಿದರೂ "ಓಹೋ, ಅದು ಒಳ್ಳೆಯದುಂಟು" ಎಂದು ತಲೆಯಾಡಿಸುತ್ತಿದ್ದೆ.

ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದವಳು ನನ್ನ ಹೆಂಡತಿ. ಅಡಿಗೆ ಕೆಲಸ ಮುಗಿಸಿ, ಮಣೆಯ ಮೇಲೆ ಪುಸ್ತಕ ಇಟ್ಟುಕೊಂಡು, ಮೈದಾ ಅಂಟಿನಲ್ಲಿ ತೆಳು ಕಾಗದದ ಪಟ್ಟಿ ಅದ್ದಿ, ಹರಿದ ಹಾಳೆಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ಆದರೆ ಮೈದಾ ಅಂಟು ಜಿರಳೆಗೂ ಬಲು ಪ್ರೀತಿ. ತೋಟದವರು ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವ ಮೈಲುತುತ್ತನ್ನು ಅಂಟಿಗೆ ಸೇರಿಸಿದರೆ ಜಿರಳೆ ಮುಟ್ಟುವುದಿಲ್ಲ ಎಂದು ಯಾರೋ ಹೇಳಿದರು. ಸೊಸೈಟಿಯಲ್ಲಿ ಮೈಲುತುತ್ತು ತೂಗುತ್ತಿದ್ದವನು ನಾನೇ ಆದ್ದರಿಂದ ಅದರ ವಿಷಯದಲ್ಲಿ ನನಗಿಂತ ತಿಳಿದವರಿಲ್ಲ ಎಂದುಕೊಂಡೆ.

"ಚಿಟಿಕೆ ಸಾಕು" ಎಂದಳು ಅವಳು.

"ಚಿಟಿಕೆಗೆ ಜಿರಳೆ ಹೆದರ್ತದಾ?" ಎಂದು ನಾನು ಒಂದು ಹಿಡಿ ಹಾಕಿದೆ.

ಆ ವಾರದ ಹನ್ನೆರಡು ಪುಸ್ತಕಗಳ ಬೆನ್ನು ಒಣಗಿದ ಮೇಲೆ ನೀಲಿಯಾಯಿತು. ಕೊಂಡವರ ಬೆರಳೂ ನೀಲಿ. ಅದು ವಾಚನಾಲಯದ ಗುರುತು, ಬೇಕೆಂದೇ ಮಾಡಿದ್ದು ಎಂದು ನಾನು ಹೇಳುತ್ತಾ ಬಂದೆ. ಸಾಹುಕಾರರು ಮಾತ್ರ ತಮ್ಮ ಬೆರಳನ್ನು ಲುಂಗಿಗೆ ಒರೆಸುತ್ತಾ, "ಕೊಳೆರೋಗ ಬಾರದ ಪುಸ್ತಕ, ತಕೊಳ್ಳಿ ತಕೊಳ್ಳಿ" ಎಂದು ಕೂಗಿದರು.

ಆ ಹನ್ನೆರಡರಲ್ಲಿ ಒಂದು ಕಾದಂಬರಿ. ಭಾನುವಾರ ನಾನು ಪುಸ್ತಕಗಳನ್ನು ಚೀಲಕ್ಕೆ ತುಂಬುವಾಗ ಅವಳು ಅದರ ಮೇಲೆ ಕೈ ಇಟ್ಟಳು.

"ಇದೊಂದು ಇರ್ಲಿ. ನನಗೆ ಬೇಕು."

ಮಾರುವವರು, ಅವರ ಮನೆಯವರು ಮಧ್ಯಾಹ್ನದವರೆಗೆ ಪುಸ್ತಕ ತೆಗೆದುಕೊಳ್ಳಬಾರದು, ಊರವರು ಮೊದಲು ಆರಿಸಬೇಕು ಎಂದು ನಿಯಮವಿತ್ತು. ನಿಯಮ ಮಾಡಿದವನು ನಾನು. ರಟ್ಟಿನ ಮೇಲೆ ಬರೆದು ತೂಗುಹಾಕಿದವನೂ ನಾನು. ಅದನ್ನೇ ಅವಳಿಗೆ ವಿವರಿಸಿದೆ.

"ಸರಿ. ಮಧ್ಯಾಹ್ನದವರೆಗೆ ಉಳಿದ್ರೆ ತನ್ನಿ" ಎಂದು ಕೈ ತೆಗೆದಳು.

ಉಳಿಯುತ್ತಿತ್ತು. ಹತ್ತು ಗಂಟೆಗೆ ಅಜ್ಜಾವರದ ಒಬ್ಬ ಮಾಸ್ತರರು ಸುಳ್ಯದ ಬಸ್ಸಿಗೆ ಕಾಯುತ್ತಾ ಬಂದು ಅದನ್ನು ತಿರುವಿ ಕೆಳಗಿಟ್ಟಿದ್ದರು. ಓದಿದ ಮನುಷ್ಯರು ಎದುರು ನಿಂತರೆ ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಎಂಥ ಕಥೆ, ಎಂಥ ಭಾಷೆ ಎಂದು ಹೊಗಳಿದೆ. ಅವರು ಕೊಂಡರು. ಬಸ್ಸು ಹೋದ ಮೇಲೆ ನೆನಪಾಯಿತು.

ಮನೆಯಲ್ಲಿ ಅವಳು ನನ್ನ ಚೀಲ ನೋಡಿದಳು. ಬೈಯಲಿಲ್ಲ.

"ಹೋಗ್ಲಿ. ಹೆಂಡತಿ ಹಸು ಹಿಡ್ಕೊಂಡು ಗಂಡನ ಮನೆ ಬಿಟ್ಟು ಹೋಗ್ತಾಳಲ್ಲ, ಕೊನೆಗೆ ಎಂತಾಗ್ತದೆ ಅಂತ ನೀವೇ ಹೇಳಿ. ನೀವು ಓದಿದ್ದೀರಲ್ಲ."

ಓದಿಲ್ಲ ಎನ್ನಲು ಒಂದು ನಿಮಿಷವೂ ಬೇಡ. ಆದರೆ ನಾನು ಕಾಲು ತೊಳೆದು, ಕುಳಿತು, ಗಂಟಲು ಸರಿ ಮಾಡಿಕೊಂಡು ಹೇಳಿದೆ: ಗಂಡ ಗಾಡಿ ಕಟ್ಟಿಸಿಕೊಂಡು ಬರುತ್ತಾನೆ, ತಪ್ಪಾಯಿತು ಎನ್ನುತ್ತಾನೆ, ಅವಳು ಕಣ್ಣೊರೆಸಿಕೊಂಡು ಗಾಡಿ ಹತ್ತುತ್ತಾಳೆ.

"ಹಸು?"

"ಹಸುವೂ ಗಾಡಿಯ ಹಿಂದಿನಿಂದ ಬರ್ತದೆ."

ಅವಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಕಥೆ ಮನಸ್ಸಿಗೆ ತಟ್ಟಿತು ಎಂದುಕೊಂಡೆ. ಹೊರಗೆ ಬಂದು ಒಂದು ಲೋಟ ಮಜ್ಜಿಗೆಯನ್ನು ನನ್ನ ಮುಂದೆ ಇಟ್ಟಳು. ಕಥೆ ಹೇಳಿ ದಣಿದವನಿಗೆ ಉಪಚಾರ!

ಆಮೇಲೆ ಆಗಾಗ ಕೇಳುತ್ತಿದ್ದಳು. ಹಸು ಕರು ಹಾಕಿತೇ? ಅತ್ತೆ ಏನೆಂದಳು? ನಾನು ಒಂದೊಂದೇ ಸೇರಿಸುತ್ತಾ ಹೋದೆ. ಪ್ರತಿ ಸಲವೂ ಕೊನೆಗೆ ಮಜ್ಜಿಗೆ. ನನ್ನ ಜೀವನದಲ್ಲಿ ನಾನು ಅಷ್ಟು ಮಜ್ಜಿಗೆ ಕುಡಿದದ್ದು ಆ ಎರಡು ವರ್ಷಗಳಲ್ಲಿಯೇ.

ಮೂರನೆಯ ವರ್ಷ ಜ್ವರ ಬಂದು ಎಂಟು ದಿನದಲ್ಲಿ ಅವಳು ಹೋದಳು. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಬರೆಯಲು ಬರುವುದು ಇಷ್ಟು: ಅವಳು ನನ್ನಲ್ಲಿ ಬೇಕೆಂದು ಕೇಳಿದ ವಸ್ತುಗಳು ಬಹಳ ಇಲ್ಲ. ಒಂದು ಆ ಪುಸ್ತಕ. ಅದನ್ನು ಮಾರಿದೆ. ಅದರ ಕೊನೆ ಕೇಳಿದಳು, ಸುಳ್ಳು ಹೇಳಿದೆ. ನಿಜವಾದ ಕೊನೆ ತಿಳಿಯದೆ ಅವಳು ಹೋದಳಲ್ಲ ಎಂಬುದು ನನ್ನನ್ನು ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಭಾನುವಾರ ಬಂದ ಪುಸ್ತಕದ ಗಂಟುಗಳಲ್ಲಿ ನಾನು ಹೆಸರು ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದೆ.

ವರ್ಷ ಕಳೆದ ಮೇಲೆ ಆ ಮಾಸ್ತರರಿಗೆ ಕೊಯಿಲಕ್ಕೆ ವರ್ಗವಾಯಿತು. ಸಾಮಾನು ಹೆಚ್ಚಾಯಿತೆಂದು ಒಂದು ಪೆಟ್ಟಿಗೆ ಪುಸ್ತಕವನ್ನು ಜಗಲಿಗೆ ತಂದು ಕೊಟ್ಟರು. ಮೇಲೆಯೇ ಇತ್ತು ನೀಲಿ ಬೆನ್ನು. ಒಂದು ಜಿರಳೆಯೂ ಮುಟ್ಟಿರಲಿಲ್ಲ.

ಗಿರಾಕಿಗಳನ್ನು ಸಾಹುಕಾರರಿಗೆ ಬಿಟ್ಟು ನಾನು ಕಂಬಕ್ಕೆ ಒರಗಿ ಕೊನೆಯ ಹಾಳೆ ತೆಗೆದೆ. ಅದು ನಡುವೆ ಅಡ್ಡಕ್ಕೆ ಹರಿದಿತ್ತು. ಹರಿದಲ್ಲಿ ಅವಳ ಪಟ್ಟಿ, ಒಂದು ಅಕ್ಷರವೂ ಆಚೀಚೆಯಾಗದಂತೆ ಸಾಲಿಗೆ ಸಾಲು ಹೊಂದಿಸಿ ಅಂಟಿಸಿದ್ದು. ಪಟ್ಟಿಯ ಅಡಿಯಲ್ಲಿ ಓದಿದೆ. ಗಂಡ ಗಾಡಿ ತರುತ್ತಾನೆ, ಅದು ಸರಿಯೇ. ಆದರೆ ಅವಳು ಹತ್ತುವುದಿಲ್ಲ. ಹಾಲು ಮಾರಿ ತನ್ನ ಪಾಡಿಗೆ ತಾನು ಇದ್ದಾಳೆ. ಬಂದವನ ಮಾತನ್ನೆಲ್ಲ ಕೇಳಿ, ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಾಳೆ.

ಎರಡು ಸಲ ಓದಿದೆ. ಓದದೆ ಆ ಸಾಲುಗಳನ್ನು ಯಾರೂ ಹಾಗೆ ಕೂಡಿಸಲಾರರು.

"ಎಂತ ಮಾರಾಯ್ರೆ, ಒಬ್ರೇ ನಗುದು?" ಎಂದರು ಸಾಹುಕಾರರು. ಮತ್ತೆ ನನ್ನ ಮುಖ ನೋಡಿ ತಾವೇ ಎದ್ದು ಬಂದರು.

"ಇದನ್ನು ನಾನು ತಕೊಳ್ತೇನೆ" ಎಂದೆ.

ಅವರು ತೂಗುಹಾಕಿದ್ದ ರಟ್ಟನ್ನು ನೋಡಿದರು. ಗಂಟೆ ಇನ್ನೂ ಒಂಬತ್ತೂವರೆ. ಅದನ್ನು ಮೊಳೆಯಿಂದ ತೆಗೆದು ಗೋಡೆಗೆ ಮುಖ ಮಾಡಿ ಒರಗಿಸಿಟ್ಟು, ಪುಸ್ತಕಕ್ಕೆ ಬೆರಳು ಇಟ್ಟು ಅಳೆದರು.

"ಒಂದೂವರೆ ಬೆರಳು. ಮೂರಾಣೆ. ನಿಮಗೆ ಚೌಕಾಶಿ ಇಲ್ಲ."

ಮನೆಗೆ ಬಂದು ಮಜ್ಜಿಗೆ ಮಾಡಿಕೊಂಡೆ. ಉಪ್ಪು ಹೆಚ್ಚಾಯಿತು. ಚಿಟಿಕೆ ಸಾಕಿತ್ತು. ಆದರೂ ಲೋಟವನ್ನು ಪುಸ್ತಕದ ಪಕ್ಕದಲ್ಲಿಟ್ಟು, ಮೊದಲ ಹಾಳೆಯಿಂದ ಓದಲು ಕೂತೆ.